ಶಾಲು ಹೊದಿಸಿದರೆ ಸಾಲದು

ಮಾರ್ಚಿ ೮ನೆಯ ತಾರೀಖು ಬಂದಿತೆಂದರೆ, ಇಲ್ಲವೆ ನವೆಂಬರಿನ ರಾಜ್ಯೋತ್ಸವ ಸಮೀಪಿಸಿತೆಂದರೆ, ಹೊರನಾಡಿನ ಕನ್ನಡ ಸಂಘಗಳಲ್ಲಿ ಒಂದು ವಿಧಿ ತಪ್ಪದೆ ನಡೆಯುತ್ತದೆ. ಮೂವತ್ತು ನಾಲ್ವತ್ತು ವರ್ಷ ಹೆಂಗಸರ ಹಕ್ಕಿಗಾಗಿ ದುಡಿದು ತಲೆ ನರೆತ ಒಬ್ಬ ತಾಯಿಯನ್ನು ವೇದಿಕೆಗೆ ಕರೆತರುತ್ತಾರೆ. ಶಾಲು ಹೊದಿಸುತ್ತಾರೆ, ಹಾರ ಹಾಕುತ್ತಾರೆ, ಹಣ್ಣಿನ ಬುಟ್ಟಿಯನ್ನು ಕೈಗಿಡುತ್ತಾರೆ. ಅನಂತರ 'ಎರಡು ಮಾತು' ಆಡಬೇಕೆಂದು ಕೇಳಿಕೊಳ್ಳುತ್ತಾರೆ. ಆಕೆ ಮೂರನೆಯ ಮಾತಿಗೆ ಬರುವಷ್ಟರಲ್ಲಿ ನಿರೂಪಕರ ಚೀಟಿ ಮೇಜಿನ ಮೇಲೆ ಬಂದು ಕೂಡುತ್ತದೆ. ಆ ಬಳಿಕ ಮುಖ್ಯ ಅತಿಥಿಗಳು ಎದ್ದುನಿಂತು ಅಕ್ಕಮಹಾದೇವಿಯಿಂದ ಆರಂಭಿಸಿ ಸ್ತ್ರೀಯ ಮಹಿಮೆಯನ್ನು ಒಂದು ತಾಸು ವರ್ಣಿಸುತ್ತಾರೆ. ಸ್ತ್ರೀಯ ವಿಷಯವಾಗಿ ನಿಜಕ್ಕೂ ಏನನ್ನೋ ಬಲ್ಲವಳು ಆ ಒಂದು ತಾಸು ಶಾಲನ್ನು ಸರಿಪಡಿಸಿಕೊಳ್ಳುತ್ತ ಕುಳಿತಿರುತ್ತಾಳೆ.

ಇದನ್ನು ಸನ್ಮಾನವೆಂದು ಕರೆಯಲು ನಾವು ಒಪ್ಪುವುದಿಲ್ಲ. ಬಾಯಿ ಮುಚ್ಚಿಸುವ ಕ್ರಮಗಳಲ್ಲಿ ಇದು ಅತ್ಯಂತ ಸಭ್ಯವಾದುದು, ಅಷ್ಟೆ. ನಾವು ಇಲ್ಲಿ ವಾದಿಸಹೊರಟಿರುವುದು ಒಂದೇ ಸಂಗತಿ: ಹೆಂಗಸರ ಹಕ್ಕಿನ ಚಳುವಳಿಯಲ್ಲಿ ಸವೆದ ಹಿರಿಯರ ನೆನಪುಗಳು ಸಮಾರಂಭದ ಅಲಂಕಾರವಲ್ಲ, ಸಾಕ್ಷ್ಯ. ಆ ಸಾಕ್ಷ್ಯವನ್ನು ಅವರು ಬದುಕಿರುವಾಗಲೇ, ಅವರ ಬಾಯಿಂದಲೇ, ಅವರ ಮಾತಿನಲ್ಲೇ ಬರೆದಿಡಬೇಕು. ಗೋವೆಯ ಕನ್ನಡಿಗರಾದ ನಮಗೆ ಈ ಕೆಲಸ ಬೇರೆಯವರಿಗಿಂತ ಒಂದು ಪಟ್ಟು ಹೆಚ್ಚು ಅಗತ್ಯವಾಗಿದೆ. ಏಕೆಂಬುದನ್ನು ಮುಂದೆ ಹೇಳುತ್ತೇವೆ.

ಮೊದಲು, ನೆನಪು ಎಂಬುದು ಏಕೆ ಬೇಕು? ಕಾನೂನಿನ ಪುಸ್ತಕಗಳಿವೆ, ವರದಿಗಳಿವೆ, ವೃತ್ತಪತ್ರಿಕೆಗಳ ಕಟ್ಟುಗಳಿವೆ, ಅವು ಸಾಲವೆ? ಸಾಲವು. ೧೯೮೩ರಲ್ಲಿ ಅತ್ಯಾಚಾರದ ಕಾನೂನಿಗೆ ತಿದ್ದುಪಡಿ ಬಂದಿತೆಂದು ಪುಸ್ತಕ ಹೇಳುತ್ತದೆ. ಪೋಲೀಸ್ ವಶದಲ್ಲಿರುವ ಹೆಣ್ಣು ತಾನು ಒಪ್ಪಿರಲಿಲ್ಲವೆಂದು ಹೇಳಿದರೆ ನ್ಯಾಯಾಲಯ ಅದನ್ನು ನಂಬಿ ನಡೆಯಬೇಕೆಂಬ ವಿಧಿ ಆಗ ಬಂದಿತು. ಆದರೆ ಆ ಒಂದು ವಾಕ್ಯದ ಹಿಂದೆ ಹನ್ನೊಂದು ವರ್ಷಗಳಿವೆ. ೧೯೭೨ರಲ್ಲಿ ಮಹಾರಾಷ್ಟ್ರದ ಒಂದು ಠಾಣೆಯಲ್ಲಿ ಆದಿವಾಸಿ ಬಾಲೆಯೊಬ್ಬಳ ಮೇಲೆ ನಡೆದ ಅತ್ಯಾಚಾರವಿದೆ. ಆರೋಪಿಗಳನ್ನು ಬಿಡುಗಡೆ ಮಾಡಿದ ೧೯೭೮ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿದೆ. ಅದನ್ನು ಪ್ರಶ್ನಿಸಿ ೧೯೭೯ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಬರೆದ ಬಹಿರಂಗ ಪತ್ರವಿದೆ. ೧೯೮೦ರ ಮಾರ್ಚಿಯಲ್ಲಿ ದೇಶದ ಹಲವು ನಗರಗಳಲ್ಲಿ ಬೀದಿಗಿಳಿದ ಹೆಂಗಸರಿದ್ದಾರೆ. ಅಂದು ಬೀದಿಗಿಳಿದವರು ಮನೆಯಲ್ಲಿ ಏನು ಹೇಳಿ ಹೊರಟರು, ಯಾರು ಜೊತೆಗೆ ಬಂದರು, ಯಾರು ಬಾಗಿಲಿಕ್ಕಿಕೊಂಡರು, ಮರುದಿನ ಕಚೇರಿಯಲ್ಲಿ ಯಾರು ಏನೆಂದರು? ಕಾನೂನಿನ ಪುಸ್ತಕದಲ್ಲಿ ಇದೊಂದೂ ಇಲ್ಲ. ಕಾನೂನು ಹೇಗೆ ಹುಟ್ಟುತ್ತದೆಂಬುದನ್ನು ತಿಳಿಯದ ಜನ, ಅದು ಹೇಗೆ ಸಾಯುತ್ತದೆಂಬುದನ್ನೂ ಗಮನಿಸುವುದಿಲ್ಲ.

ಈ ಕೆಲಸದ ಬೆಲೆಯನ್ನು ಅರಿತವರು ಇಲ್ಲದೆ ಇಲ್ಲ. ತೆಲಂಗಾಣದ ರೈತ ಹೋರಾಟದಲ್ಲಿ ಭಾಗವಹಿಸಿದ ಹೆಂಗಸರನ್ನು ಹುಡುಕಿಕೊಂಡು ಹೋಗಿ, ಅವರ ಮಾತನ್ನು ಅವರದೇ ನುಡಿಯಲ್ಲಿ ಸಂಗ್ರಹಿಸಿ, ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆಯವರು ೧೯೮೬ರಲ್ಲಿ 'ಮನಕು ತೆಲಿಯನಿ ಮನ ಚರಿತ್ರ' ಎಂಬ ತೆಲುಗು ಗ್ರಂಥವನ್ನು ತಂದರು. 'ನಾವರಿಯದ ನಮ್ಮ ಚರಿತ್ರೆ' ಎಂದು ಅದರ ಅರ್ಥ. ಆ ಹೆಂಗಸರು ವೀರಗಾಥೆಯನ್ನಷ್ಟೇ ಹಾಡಲಿಲ್ಲ. ಹೋರಾಟ ಮುಗಿದ ಮೇಲೆ ಒಲೆಯ ಬಳಿಗೆ ಹಿಂದಿರುಗಬೇಕಾಗಿ ಬಂದ ಕಹಿಯನ್ನೂ ಹೇಳಿಕೊಂಡರು. ಪಕ್ಷದ ದಾಖಲೆಗಳಿಗಿಂತ ಆ ಕಹಿಯೇ ಮುಂದಿನ ಪೀಳಿಗೆಗೆ ಹೆಚ್ಚಿನದನ್ನು ಕಲಿಸಿತು. ೨೦೧೧ರಲ್ಲಿ ರಿತು ಮೆನನ್ ಅವರು ಭಾರತದ ಮಹಿಳಾ ಚಳುವಳಿಯ ಹಿರಿಯರಿಂದ ಅವರವರ ನೆನಪುಗಳನ್ನೇ ಬರೆಸಿ 'ಮೇಕಿಂಗ್ ಎ ಡಿಫರೆನ್ಸ್' ಎಂಬ ಸಂಪುಟವನ್ನು ಸಂಪಾದಿಸಿದರು. ಮಂಗಳೂರಿನ ಮಗಳಾದ ಕಮಲಾದೇವಿ ಚಟ್ಟೋಪಾಧ್ಯಾಯರು ೧೯೨೬ರಲ್ಲಿ ಮದರಾಸು ವಿಧಾನ ಪರಿಷತ್ತಿನ ಚುನಾವಣೆಗೆ ನಿಂತು ಸ್ವಲ್ಪವೇ ಮತಗಳಿಂದ ಸೋತವರು. ತಮ್ಮ ಎಂಬತ್ತರ ವಯಸ್ಸಿನಲ್ಲಿ ಅವರು ಬರೆದ ನೆನಪುಗಳು ೧೯೮೬ರಲ್ಲಿ ಹೊರಬಂದವು. ಆದರೆ ಆ ಪುಸ್ತಕ ಇಂಗ್ಲಿಷಿನದು. ಕನ್ನಡದ ಮಗಳ ನೆನಪನ್ನು ಕನ್ನಡಿಗರು ಬೇರೊಂದು ನುಡಿಯಲ್ಲಿ ಅರಸಬೇಕಾದುದು ಹೆಮ್ಮೆಯ ಮಾತೆ?

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ನೆನಪು ಮೋಸಗೊಳಿಸುತ್ತದೆ, ಮುದುಕಿಯರು ತಾರೀಖು ತಪ್ಪುತ್ತಾರೆ, ತಮ್ಮ ಪಾತ್ರವನ್ನು ದೊಡ್ಡದು ಮಾಡಿಕೊಳ್ಳುತ್ತಾರೆ, ಇಂಥದರಿಂದ ಇತಿಹಾಸ ಆಗುವುದಿಲ್ಲ ಎನ್ನುವ ಪಂಡಿತರುಂಟು. ತಾರೀಖು ತಪ್ಪಬಹುದು, ಒಪ್ಪುತ್ತೇವೆ. ತಾರೀಖನ್ನು ಹಳೆಯ ಪತ್ರಿಕೆಯೊಡನೆ ಹೋಲಿಸಿ ತಿದ್ದಿಕೊಳ್ಳುವುದು ಅರ್ಧ ದಿನದ ಕೆಲಸ. ಆದರೆ ದಾಖಲೆ ತಪ್ಪುವುದಿಲ್ಲವೆ? ಪೋರ್ತುಗೀಜ ಪೋಲೀಸರು ಗೋವೆಯ ಸತ್ಯಾಗ್ರಹಿಗಳ ಬಗೆಗೆ ಬರೆದಿಟ್ಟ ಕಾಗದಗಳೂ ದಾಖಲೆಗಳೇ. ಇಂದಿನ ಠಾಣೆಗಳಲ್ಲಿ ಗಂಡ ಹೊಡೆದನೆಂದು ಬಂದವಳ ದೂರು 'ಕೌಟುಂಬಿಕ ಮನಸ್ತಾಪ' ಎಂದು ದಾಖಲಾದರೆ ಅದೂ ದಾಖಲೆಯೇ. ಬರೆಯುವ ಕೈ ಯಾರದೋ ಅವರ ಕಡೆಗೆ ಕಾಗದ ವಾಲುತ್ತದೆ. ಎರಡು ಸಾಕ್ಷ್ಯಗಳಲ್ಲಿ ಒಂದನ್ನು ಪೂರ್ತಿ ನಂಬಿ ಇನ್ನೊಂದನ್ನು ಕೇಳಲೇ ಒಲ್ಲೆನೆನ್ನುವ ನ್ಯಾಯಾಧೀಶನಿಗೆ ಪೀಠ ಶೋಭಿಸುವುದಿಲ್ಲ.

ಇನ್ನು ನಾವಿರುವ ನೆಲದ ಮಾತು. ೧೯೪೬ರ ಜೂನ್ ೧೮ರಂದು ಮಡಗಾಂವದಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಸಭಾನಿರ್ಬಂಧವನ್ನು ಮುರಿದುದು ಎಲ್ಲರಿಗೂ ಗೊತ್ತು. ಅದರ ಬೆನ್ನಿಗೇ ವತ್ಸಲಾ ಕೀರ್ತನಿ ಎಂಬ ತರುಣಿ ಬಂಧನಕ್ಕೆ ಒಳಗಾದರು. ಆಕೆಯನ್ನು ಬಿಡಿರಿ, ಇಲ್ಲವೆ ನಮ್ಮನ್ನೂ ಹಿಡಿಯಿರಿ ಎಂದು ಹೆಂಗಸರು ಠಾಣೆಯೆದುರು ನಿಂತರು. ೧೯೫೫ರ ಏಪ್ರಿಲಿನಲ್ಲಿ ಮಾಪಸಾದಲ್ಲಿ ನ್ಯಾಷನಲ್ ಕಾಂಗ್ರೆಸ್ ಗೋವಾ ಸಂಘಟನೆಯ ಅಧ್ಯಕ್ಷೆಯಾಗಿ ನಿಂತು ಸೆರೆಯಾದವರು ಸುಧಾಬಾಯಿ ಜೋಶಿ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹನ್ನೆರಡು ವರ್ಷಗಳ ಶಿಕ್ಷೆಗೆ ಗುರಿಯಾದ ಮಿತ್ರಾ ಬೀರ್ ಅವರು ಮುಂದೆ ಮಡಗಾಂವ, ವೇರೆ ಮೊದಲಾದ ಊರುಗಳಲ್ಲಿ ಹುಡುಗಿಯರಿಗಾಗಿ ಶಾಲೆಗಳನ್ನು ತೆರೆದರು. ಲಿಬಿಯಾ ಲೋಬೊ ಅವರು ವಾಮನ ಸರದೇಸಾಯಿಯವರೊಡನೆ ೧೯೫೫ರ ನವೆಂಬರಿನಿಂದ ೧೯೬೧ರ ಡಿಸೆಂಬರಿನ ವರೆಗೆ ಗುಪ್ತ ರೇಡಿಯೋ ಕೇಂದ್ರವನ್ನು ನಡೆಸಿದರು. ಅದು ಮೊದಲು ಅಂಬೋಲಿಯ ಕಾಡಿನಲ್ಲಿತ್ತು, ಆಮೇಲೆ ನಮ್ಮ ಉತ್ತರ ಕನ್ನಡದ ಕ್ಯಾಸಲ್‌ರಾಕಿನಲ್ಲಿತ್ತು. ಹುಬ್ಬಳ್ಳಿಯಿಂದ ವಾಸ್ಕೊಗೆ ಬರುವ ರೈಲು ಇಂದಿಗೂ ಆ ನಿಲ್ದಾಣವನ್ನು ದಾಟಿಯೇ ಘಟ್ಟ ಇಳಿಯುತ್ತದೆ. ಗೋವೆಗೆ ಅನ್ನ ಅರಸಿ ಬಂದ ಕನ್ನಡಿಗರಲ್ಲಿ ಸಾವಿರಾರು ಜನ ಆ ಹಾದಿಯಲ್ಲೇ ಬಂದವರು. ಗೋವೆಯ ಬಿಡುಗಡೆಯ ಧ್ವನಿ ಆ ಕಾಡಿನಿಂದ ಹೊರಟಿತೆಂಬುದನ್ನು ಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

೨೦೨೫ರಲ್ಲಿ ಲಿಬಿಯಾ ಲೋಬೊ ಸರದೇಸಾಯಿಯವರಿಗೆ ಪದ್ಮಶ್ರೀ ಬಂದಿತು. ಆಗ ಅವರು ನೂರರ ಅಂಚಿನಲ್ಲಿದ್ದರು. ಸಂತೋಷವೇ. ಆದರೆ ಈ ಎಲ್ಲ ತಾಯಂದಿರನ್ನು ದೇಶ ನೆನೆಯುವ ರೀತಿಯನ್ನು ಗಮನಿಸಿರಿ. ದೇಶಕ್ಕಾಗಿ ಸೆರೆಮನೆ ಸೇರಿದರು ಎಂಬಲ್ಲಿಗೆ ಕಥೆ ನಿಲ್ಲುತ್ತದೆ. ಹೆಣ್ಣಾಗಿ ಹೊಸಲು ದಾಟುವಾಗ ಅವರು ಯಾರನ್ನು ಎದುರಿಸಿದರೆಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಆಗಿನ್ನೂ ಮದುವೆಯಾಗದ ತರುಣಿ ಆರು ವರ್ಷ ಕಾಡಿನಲ್ಲಿದ್ದು ರೇಡಿಯೋ ನಡೆಸಿದರೆ ೧೯೫೦ರ ದಶಕದ ನೆಂಟರಿಷ್ಟರು ಏನೆಂದಿರಬಹುದು? ಪೋರ್ತುಗೀಜರ ಪೋಲೀಸನನ್ನು ಎದುರಿಸುವುದು ಕಷ್ಟವೊ, ಸೋದರಮಾವನನ್ನು ಎದುರಿಸುವುದು ಕಷ್ಟವೊ? ಇದಕ್ಕೆ ಉತ್ತರ ಸರಕಾರದ ಕಡತದಲ್ಲಿ ಸಿಗದು. ಕೇಳಿದ್ದರೆ ಮಾತ್ರ ಸಿಗುತ್ತಿತ್ತು.

ಘಟ್ಟದ ಮೇಲೂ ಇದೇ ಕಥೆ. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರು ಎಳೆಯ ವಯಸ್ಸಿನಲ್ಲಿ ವಿಧವೆಯಾದವರು. ಭಗಿನೀ ಮಂಡಲವನ್ನು ಕಟ್ಟಿ, ೧೯೨೪ರ ಬೆಳಗಾವಿ ಕಾಂಗ್ರೆಸ್ಸಿಗೆ ನೂರೈವತ್ತಕ್ಕೂ ಮಿಕ್ಕಿ ಸ್ವಯಂಸೇವಕಿಯರನ್ನು ಕಲೆಹಾಕಿದರು. ವಿಧವೆ ಎದುರಾದರೆ ಅಪಶಕುನವೆನ್ನುತ್ತಿದ್ದ ಕಾಲದಲ್ಲಿ ವಿಧವೆಯರನ್ನೇ ಮನೆಯಿಂದ ಹೊರತಂದು ಸೇವಾದಳದ ಸಾಲಿನಲ್ಲಿ ನಿಲ್ಲಿಸಿದುದು ರಾಜಕೀಯಕ್ಕಿಂತ ದೊಡ್ಡ ಕ್ರಾಂತಿ. ೧೯೩೨ರಲ್ಲಿ ಯರವಡಾ ಸೆರೆಮನೆಗೆ ಹೋಗಿಬಂದಾಗ ಅವರ ಮುದ್ರಣಾಲಯವೂ ಶಾಲೆಯೂ ಸರಕಾರದ ವಶವಾಗಿದ್ದವು. ಅದೇ ಕಾಲದಲ್ಲಿ ಸಿದ್ದಾಪುರ ತಾಲೂಕಿನ ಮಾವಿನಗುಂಡಿಯ ಸೀಮೆಯಲ್ಲಿ, ಕರನಿರಾಕರಿಸಿದ ರೈತರ ಹರಾಜಾದ ಆಸ್ತಿಯನ್ನು ಕೊಂಡವರ ಬಾಗಿಲಲ್ಲಿ ಹೆಂಗಸರು ಉಪವಾಸ ಕುಳಿತರು. ಮಾವಿನಗುಂಡಿಯಲ್ಲಿ ಇಂದು ಅವರ ಸ್ಮಾರಕವಿದೆ. ಕಲ್ಲಿಗೆ ಮಾಲೆ ಹಾಕಬಹುದು, ಆದರೆ ಕಲ್ಲು ಮಾತಾಡದು. ಪರರ ಹೊಸಲಲ್ಲಿ ಹಸಿದು ಕುಳಿತ ಆ ರೈತ ಹೆಂಗಸರು ತಮ್ಮೊಳಗೆ ಏನು ಮಾತಾಡಿಕೊಂಡರು, ಮನೆಯ ಕೂಸುಗಳನ್ನು ಯಾರ ಕೈಗೆ ಒಪ್ಪಿಸಿ ಬಂದರು? ಆಗ ಕೇಳಿ ಬರೆದುಕೊಳ್ಳುವವರು ಇದ್ದಿದ್ದರೆ ಕನ್ನಡಕ್ಕೆ ಅದೊಂದು ಪುರಾಣವಾಗುತ್ತಿತ್ತು.

ಎರಡನೆಯ ಆಕ್ಷೇಪ ಗೋವೆಯಲ್ಲಿ ಮಾತ್ರ ಕೇಳಿಬರುವಂಥದು. ಇಲ್ಲಿ ಎಲ್ಲ ಮತದವರಿಗೂ ಒಂದೇ ನಾಗರಿಕ ಸಂಹಿತೆ ಇದೆ, ಹೆಂಡತಿಗೆ ಅರ್ಧ ಆಸ್ತಿ ಇದೆ, ಮಗಳಿಗೆ ಪಾಲಿದೆ, ೨೦೧೯ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಗೋವೆಯನ್ನು ಮೇಲ್ಪಂಕ್ತಿಯೆಂದು ಹೊಗಳಿದೆ, ಇಲ್ಲಿ ಹೆಂಗಸರಿಗೆ ಚಳುವಳಿ ಏಕೆ ಬೇಕು ಎನ್ನುತ್ತಾರೆ. ೧೮೬೭ರ ಪೋರ್ತುಗೀಜ ಸಂಹಿತೆ ಅನೇಕ ವಿಷಯಗಳಲ್ಲಿ ಅಂದಿನ ಬ್ರಿಟಿಷ್ ಭಾರತದ ಕಾನೂನಿಗಿಂತ ಮುಂದಿತ್ತು, ಅದು ನಿಜ. ಆದರೆ ಅದೇ ಸಂಹಿತೆ ಆಸ್ತಿಯಲ್ಲಿ ಹೆಂಡತಿಯನ್ನು ಸಮಭಾಗಿ ಎಂದು ಕರೆದು, ಆಡಳಿತದ ಕೀಲಿಕೈಯನ್ನು ಗಂಡನ ಕೈಗೆ ಕೊಟ್ಟಿತು. ಹಿಂದೂಗಳ ಆಚಾರಗಳಿಗಾಗಿ ಮಾಡಿದ ೧೮೮೦ರ ಕಟ್ಟಳೆ, ಹೆಂಡತಿ ಇಪ್ಪತ್ತೈದರ ವರೆಗೆ ಹೆರದಿದ್ದರೆ, ಇಲ್ಲವೆ ಮೂವತ್ತರ ವರೆಗೆ ಗಂಡುಕೂಸನ್ನು ಹೆರದಿದ್ದರೆ, ಹಿಂದೂ ಗಂಡಸಿಗೆ ಎರಡನೆಯ ಮದುವೆಯ ದಾರಿಯನ್ನು ತೆರೆದಿಟ್ಟಿತು. ಸಮಾನತೆಯ ಸಂಹಿತೆಯಲ್ಲಿ ಗಂಡುಕೂಸಿನ ಲೆಕ್ಕ ಏಕೆ ಬಂದಿತೆಂದು ಹೊಗಳುವವರು ಕೇಳಲಿಲ್ಲ.

ಇದಕ್ಕಿಂತ ಸಣ್ಣದಾಗಿ ಕಾಣುವ, ಆದರೆ ಹೆಚ್ಚು ಹೆಂಗಸರ ಬಾಳನ್ನು ತಟ್ಟಿದ ಸಂಗತಿ ಇನ್ನೊಂದಿದೆ. ಗೋವೆಯ ಪದ್ಧತಿಯಲ್ಲಿ ವಿವಾಹದ ನೋಂದಣಿ ಎರಡು ಹಂತಗಳ ವ್ಯವಹಾರ. ಮೊದಲ ರುಜು ಮದುವೆಯಾಗುವ ಇಚ್ಛೆಯ ಘೋಷಣೆ ಮಾತ್ರ. ಆಕ್ಷೇಪಗಳಿಗೆ ಕಾಲಾವಕಾಶ ಕೊಟ್ಟ ಬಳಿಕ ಹಾಕುವ ಎರಡನೆಯ ರುಜುವಿನಿಂದಲೇ ವಿವಾಹ ಸ್ಥಿರಪಡುತ್ತದೆ. ಮೊದಲ ರುಜುವನ್ನೇ ಮದುವೆಯೆಂದು ನಂಬಿ, ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಂಡು ಸಂಸಾರ ಮಾಡಿದವಳಿಗೆ, ಗಂಡ ಬಿಟ್ಟುಹೋದ ದಿನ ತಾನು ಕಾನೂನಿನ ಕಣ್ಣಿನಲ್ಲಿ ಹೆಂಡತಿಯೇ ಅಲ್ಲವೆಂದು ಗೊತ್ತಾಗುತ್ತದೆ. ಈ ಬಲೆಯನ್ನು ಕಂಡುಹಿಡಿದವರು ಸಂಹಿತೆಯನ್ನು ಓದಿದವರಲ್ಲ. ಅಳುತ್ತ ಬಂದವರ ಪಕ್ಕದಲ್ಲಿ ಕುಳಿತು ಕಾಗದ ಬಿಡಿಸಿ ನೋಡಿದವರು. ೧೯೮೬ರಲ್ಲಿ ಹುಟ್ಟಿದ 'ಬಾಯಲಾಂಚೊ ಸಾದ್', ಎಂದರೆ 'ಹೆಂಗಸರ ಕೂಗು', ಎಂಬ ಸಂಘಟನೆಯ ಕಾರ್ಯಕರ್ತೆಯರಂಥವರು ದಶಕಗಳ ಕಾಲ ಮಾಡಿದ ಕೆಲಸ ಇಂಥದು. ಸಂಹಿತೆಗೂ ಸಂಸಾರಕ್ಕೂ ನಡುವೆ ಇರುವ ಅಂತರವನ್ನು ಅಳೆದವರು ಅವರೇ. ಅಳತೆಯ ಕೋಲು ಅವರ ನೆನಪಿನಲ್ಲಿದೆ. ಇದರ ಮೇಲೆ ಇನ್ನೊಂದು ಮಾತು: ಕರ್ನಾಟಕದ ಹಳ್ಳಿಯಲ್ಲಿ ಮದುವೆಯಾಗಿ ದುಡಿಮೆಗೆ ಬಂದ ಗಾರೆ ಕೆಲಸದ ದಂಪತಿಗಳಿಗೆ ಈ ಸಂಹಿತೆ ತಾನಾಗಿ ಅನ್ವಯಿಸುವುದಿಲ್ಲ. ಗೋವೆಯ ಹೊಗಳಿಕೆಯ ನೆರಳು ನಮ್ಮ ಹೆಂಗಸರ ಜೋಪಡಿಯ ವರೆಗೆ ಚಾಚಿಲ್ಲ.

ಈಗ ನಾವು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇವೆ. ಇಲ್ಲಿ ಆಕ್ಷೇಪವನ್ನು ಯಾರೂ ಗಟ್ಟಿಯಾಗಿ ಆಡುವುದಿಲ್ಲ, ಪಿಸುಮಾತಿನಲ್ಲಿ ಆಡುತ್ತಾರೆ. "ಆ ವಿಷಯ ಎತ್ತಬೇಡಿ, ಕನ್ನಡದ ಮಾನ ಹೋಗುತ್ತದೆ." ಆ ವಿಷಯವೆಂದರೆ ಬೈನಾ. ವಾಸ್ಕೊದ ಆ ಕಡಲ ದಂಡೆಯ ಕೇರಿಯಲ್ಲಿ ಮೈಮಾರಿಕೊಂಡು ಬದುಕಬೇಕಾಗಿ ಬಂದ ಹೆಂಗಸರಲ್ಲಿ ಬಹುಮಂದಿ ಕರ್ನಾಟಕದಿಂದಲೂ ಆಂಧ್ರದಿಂದಲೂ ಬಂದವರು. ಉಚ್ಚ ನ್ಯಾಯಾಲಯದ ೨೦೦೩ರ ಆದೇಶದ ಬಳಿಕ, ೨೦೦೪ರ ಜೂನ್ ತಿಂಗಳಲ್ಲಿ, ಮಳೆ ಹಿಡಿದ ಕಾಲದಲ್ಲಿ, ಆ ಕೇರಿಯನ್ನು ಕೆಡವಲಾಯಿತು. ಹೆಂಗಸರ ಸಂಘಟನೆಗಳು ಪುನರ್ವಸತಿಯ ಪ್ರಶ್ನೆಯನ್ನು ಎತ್ತಿದವು. ಗೋಡೆಗಳು ಬಿದ್ದುದರಿಂದ ಗಿರಾಕಿಗಳೇನೂ ಇಲ್ಲವಾಗಲಿಲ್ಲ, ದಲ್ಲಾಳಿಗಳೂ ಇಲ್ಲವಾಗಲಿಲ್ಲ. ಹೆಂಗಸರು ಮಾತ್ರ ದಿಕ್ಕುದಿಕ್ಕಿಗೆ ಚದುರಿದರು. ಆ ದಿನಗಳಲ್ಲಿ ಆ ಹೆಂಗಸರೊಡನೆ ಕನ್ನಡದಲ್ಲಿ ಮಾತಾಡಿದವರು ಯಾರು? ಅವರ ಹಳ್ಳಿ ಯಾವುದು, ಯಾರು ಕರೆತಂದರು, ಊರಿಗೆ ಎಷ್ಟು ಹಣ ಕಳಿಸುತ್ತಿದ್ದರು, ಊರವರು ಹಣವನ್ನು ಪಡೆದು ಅವರನ್ನು ಏಕೆ ಪಡೆಯಲಿಲ್ಲ ಎಂದು ಕೇಳಿ ಬರೆದಿಟ್ಟ ಕನ್ನಡದ ಪುಟಗಳು ಎಲ್ಲಿವೆ?

ಮಾನ ಹೋಗುತ್ತದೆ ಎನ್ನುವವರನ್ನು ನಾವು ಒಂದು ಪ್ರಶ್ನೆ ಕೇಳಬಯಸುತ್ತೇವೆ. ಯಾರ ಮಾನ? ಗೋವೆಯ ಬೀದಿಯಲ್ಲಿ ಘಟ್ಟದ ಮೇಲಿನವರನ್ನು 'ಘಾಂಟಿ' ಎಂದು ಜರೆಯುವವರಿದ್ದಾರೆ. ಆ ಜರೆತವನ್ನು ಕೇಳಿ ತಲೆ ತಗ್ಗಿಸಿದ ಗೃಹಸ್ಥರು, ತಮ್ಮದೇ ನುಡಿಯ ಬಡ ಹೆಂಗಸರತ್ತ ತಿರುಗಿ ಅದೇ ದೃಷ್ಟಿಯನ್ನು ಬೀರುತ್ತಾರೆ. ಕಡಲ ದಂಡೆಯಲ್ಲಿ ಮಣಿಸರ ಮಾರುವ ಲಂಬಾಣಿ ಹೆಂಗಸು, ಹತ್ತನೆಯ ಅಂತಸ್ತಿಗೆ ಇಟ್ಟಿಗೆ ಹೊರುವ ಹೆಂಗಸು, ನಾಲ್ಕು ಮನೆಯ ಪಾತ್ರೆ ತೊಳೆಯುವ ಹೆಂಗಸು, ಇವರು ರಾಜ್ಯೋತ್ಸವದ ಸಭೆಗೆ ಬಂದರೆ ಹಿಂದಿನ ಸಾಲಿನಲ್ಲಿ ನಿಲ್ಲುತ್ತಾರೆ. ಆದರೆ ಕುಡಿದು ಹೊಡೆಯುವ ಗಂಡನನ್ನು ಠಾಣೆಗೆ ಎಳೆದೊಯ್ದ ನೆರೆಹೊರೆಯ ಹೆಂಗಸರ ಮುಂದಾಳು ಈಕೆಯೇ. ನಳದ ನೀರಿಗಾಗಿ, ಪಡಿತರ ಚೀಟಿಗಾಗಿ, ಕೂಸಿನ ಶಾಲೆಗಾಗಿ ಕಚೇರಿಯಿಂದ ಕಚೇರಿಗೆ ಅಲೆದವಳೂ ಈಕೆಯೇ. ಚಳುವಳಿಗಾರ್ತಿಯೆಂಬ ಹೆಸರನ್ನು ಈಕೆ ಕೇಳಿಯೂ ಇಲ್ಲ. ಸಂಘ, ಸಂಸ್ಥೆ, ಪದವಿ ಇದ್ದವಳ ನೆನಪು ಮಾತ್ರ ನೆನಪೆಂದು ತಿಳಿದರೆ, ಚಳುವಳಿಯ ತಲೆಯನ್ನಿಟ್ಟುಕೊಂಡು ಕೈಕಾಲು ಕಳೆದುಕೊಂಡಂತೆ.

ಈ ಮೌನವನ್ನು ಮುರಿಯುವುದು ಸಾಧ್ಯವೆಂಬುದಕ್ಕೆ ದೃಷ್ಟಾಂತ ದೂರದಲ್ಲಿಲ್ಲ. ದೇವದಾಸಿಯರ ಅರ್ಪಣೆಯನ್ನು ನಿಷೇಧಿಸಿ ಕರ್ನಾಟಕ ೧೯೮೨ರಲ್ಲಿ ಕಾನೂನು ಮಾಡಿತು. ಆದರೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಆ ಕಾನೂನಿಗೆ ಜೀವ ತುಂಬಿದವರಲ್ಲಿ ಮುಂದಾಗಿ ನಿಂತವರು ಒಂದು ಕಾಲಕ್ಕೆ ತಾವೇ ಮುತ್ತು ಕಟ್ಟಿಸಿಕೊಂಡ ಹೆಂಗಸರು. ೧೯೯೭ರಲ್ಲಿ ಘಟಪ್ರಭೆಯಲ್ಲಿ ಅವರದೇ ಸಂಸ್ಥೆಯಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ತಲೆಯೆತ್ತಿತು. ಎಳೆಯ ಬಾಲೆಯಾಗಿ ಅರ್ಪಿತರಾಗಿ, ಆ ಸಂಸ್ಥೆಯನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ ೨೦೧೮ರಲ್ಲಿ ಪದ್ಮಶ್ರೀ ದೊರೆಯಿತು. ಅವರು ತಮ್ಮ ಬಾಳನ್ನು ಮುಚ್ಚಿಡಲಿಲ್ಲ, ಹೇಳಿಕೊಂಡರು. ಹೇಳಿಕೊಂಡುದರಿಂದ ಕನ್ನಡದ ಮಾನ ಹೋಯಿತೆ? ಹೋಗಿದ್ದ ಮಾನದಲ್ಲಿ ಒಂದಿಷ್ಟು ಹಿಂದಿರುಗಿತು. ಮುತ್ತು ಕಟ್ಟಿದವರಿಗೆ, ಕಟ್ಟಿಸಿದವರಿಗೆ, ನೋಡಿ ಸುಮ್ಮನಿದ್ದವರಿಗೆ ಅಂಟಬೇಕಾದ ನಾಚಿಕೆಯನ್ನು ಕಟ್ಟಿಸಿಕೊಂಡ ಹಸುಳೆಯ ಮೈಗೆ ಮೆತ್ತುವುದು ಯಾವ ನ್ಯಾಯ?

ಕಡೆಯ ಆಕ್ಷೇಪ ಸಾಹಿತ್ಯದ ಹೆಸರಿನಲ್ಲಿ ಬರುತ್ತದೆ. ಇದು ಸಾಹಿತ್ಯ ಪತ್ರಿಕೆ. ಇಲ್ಲಿ ಕತೆ, ಕವಿತೆ, ವಿಮರ್ಶೆ ಇರಲಿ. ಠಾಣೆ ಕಚೇರಿಗಳ ರಗಳೆ ಏಕೆ ಎನ್ನುವ ರಸಿಕರಿದ್ದಾರೆ. ಅವರು ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಮರೆತಂತಿದೆ. ರಾಟೆ ತಿರುಗಿಸುವವಳು, ಬತ್ತ ಕುಟ್ಟುವವಳು, ಕಸ ಗುಡಿಸುವವಳು ತಮ್ಮ ತಮ್ಮ ಕಾಯಕದ ಮಾತಿನಲ್ಲಿ ನುಡಿದುದನ್ನು ನಮ್ಮ ಹಿರಿಯರು ತಾಳೆಗರಿಯಲ್ಲಿ ಬರೆದಿಟ್ಟರು. ಅವರಲ್ಲಿ ಸೂಳೆ ಸಂಕವ್ವೆ ಎಂಬ ವಚನಕಾರ್ತಿಯೂ ಇದ್ದಾಳೆ. ಅವಳ ಅಂಕಿತ 'ನಿರ್ಲಜ್ಜೇಶ್ವರ'. ನಾಚಿಕೆಯ ಹೊರೆಯನ್ನು ತಾನು ಹೊರಲಾರೆನೆಂದು ತನ್ನ ದೇವರ ಹೆಸರಿನಲ್ಲೇ ಸಾರಿದ ಹೆಣ್ಣು ಅವಳು. ಅವಳ ವಚನಗಳಲ್ಲಿ ನಮಗೆ ಉಳಿದಿರುವುದು ಒಂದೇ ಒಂದು. ಆ ಒಂದನ್ನು ಯಾರೋ ಒಬ್ಬ ಲಿಪಿಕಾರ, ಇದರಿಂದ ಮಾನ ಹೋಗುತ್ತದೆಂದು ಎಣಿಸದೆ, ಎಂಟುನೂರು ವರ್ಷಗಳ ದಾರಿಗೆ ಬುತ್ತಿಯಾಗಿ ಕಟ್ಟಿಟ್ಟ. ಉಳಿದುವು ಎಷ್ಟಿದ್ದವೋ, ಬರೆಯುವ ಕೈ ಸಿಗದೆ ಹೋದುವು. ಸಂಕವ್ವೆಯನ್ನು ಸಾಹಿತ್ಯ ಚರಿತ್ರೆಯಲ್ಲಿ ಓದಿ ಕಣ್ಣರಳಿಸುವವರು, ಬೈನಾದ ಹೆಂಗಸಿನ ಮಾತು ಸಾಹಿತ್ಯವಲ್ಲವೆಂದರೆ, ಅವರಿಗೆ ಸಾಹಿತ್ಯವೂ ಬೇಕಾಗಿಲ್ಲ, ಚರಿತ್ರೆಯೂ ಬೇಕಾಗಿಲ್ಲ. ಸತ್ತವರ ಸುರಕ್ಷಿತವಾದ ದೂರ ಮಾತ್ರ ಬೇಕಾಗಿದೆ.

ಬರೆದಿಡಬೇಕೆಂದು ಕೂಗಿದರೆ ಸಾಲದು, ಹೇಗೆಂದು ಹೇಳಬೇಕು. ಬರೆದುಕೊಳ್ಳಲು ಹೋಗುವವರು ಮೊದಲು ಕಿವಿಯನ್ನು ತೊಳೆದುಕೊಂಡು ಹೋಗಲಿ. ವಿಜಾಪುರದವಳು ವಿಜಾಪುರದ ಮಾತಿನಲ್ಲಿ ಹೇಳಲಿ. ಲಂಬಾಣಿಯಲ್ಲಿ, ದಖನಿಯಲ್ಲಿ, ಕೊಂಕಣಿಯಲ್ಲಿ ಹೇಳುವವಳು ಹಾಗೆಯೇ ಹೇಳಲಿ. ಅದನ್ನು ತಿದ್ದಿ ತೀಡಿ ಶಿಷ್ಟ ಕನ್ನಡದ ಸೀರೆ ಉಡಿಸುವುದು ಬೇಡ. ಗೆದ್ದುದನ್ನಷ್ಟೇ ಕೇಳುವುದು ಬೇಡ. ಸೋತ ಮೊಕದ್ದಮೆ, ಒಡೆದ ಸಂಘಟನೆ, ಜಾತಿಯ ಹೆಸರಿನಲ್ಲಿ ಬಿಟ್ಟುಹೋದ ಗೆಳತಿ, ಅರ್ಧದಲ್ಲಿ ಕೈಬಿಟ್ಟ ಮುಖಂಡ, ಇವನ್ನೂ ಕೇಳಬೇಕು. ಮೋರ್ಚಾಕ್ಕೆ ಹೋದ ದಿನ ಮನೆಯಲ್ಲಿ ರೊಟ್ಟಿ ಬಡಿದವರು ಯಾರೆಂದು ಕೇಳಬೇಕು. ಬಸ್ಸಿನ ಹಣ ಎಲ್ಲಿಂದ ಬಂದಿತೆಂದು ಕೇಳಬೇಕು. ಚಳುವಳಿಯ ನಿಜವಾದ ಚರಿತ್ರೆ ಆ ಎರಡು ಉತ್ತರಗಳಲ್ಲಿರುತ್ತದೆ. ಬರೆದುದನ್ನು ಅವಳಿಗೆ ಓದಿ ಹೇಳಬೇಕು. ಬೇಡವೆಂದ ಮಾತನ್ನು ಹೊಡೆದುಹಾಕಬೇಕು. ಹೆಸರು ಬೇಡವೆಂದರೆ ಹೆಸರನ್ನು ಬಿಡಬೇಕು. ಅವಳ ಬಾಳು ಅವಳದು, ಪತ್ರಿಕೆಯ ಸರಕಲ್ಲ. ಕರುಣೆಯ ಕತೆ ಮಾಡಿ ಕಣ್ಣೀರು ಬರಿಸುವ ಲೇಖಕರು ದಯವಿಟ್ಟು ದೂರವಿರಲಿ.

ಇದಕ್ಕೆ ದೊಡ್ಡ ನಿಧಿಯೇನೂ ಬೇಕಿಲ್ಲ. ಒಂದು ರಾಜ್ಯೋತ್ಸವದ ಶಾಮಿಯಾನ, ಧ್ವನಿವರ್ಧಕ, ಊಟಗಳ ಖರ್ಚಿನಲ್ಲಿ ಹತ್ತನೆಯ ಒಂದು ಪಾಲು ಸಾಕು. ಬೇಕಾಗಿರುವುದು ಕಾಲ ಮತ್ತು ಮನಸ್ಸು. ಅದರಲ್ಲಿ ಕಾಲ ನಮ್ಮ ಕೈಯಲ್ಲಿಲ್ಲ. ಉಮಾಬಾಯಿಯವರು ೧೮೯೨ರಿಂದ ೧೯೯೨ರ ವರೆಗೆ ನೂರು ವರ್ಷ ಬಾಳಿದರು. ಎಲ್ಲರಿಗೂ ಅಷ್ಟು ಆಯುಸ್ಸು ಇರುವುದಿಲ್ಲ. ಇಟ್ಟಿಗೆ ಹೊತ್ತ ಬೆನ್ನಿಗೆ, ಹೊಗೆ ಕುಡಿದ ಎದೆಗೆ ಅರವತ್ತೇ ನೂರು. ೧೯೮೦ರ ದಶಕದಲ್ಲಿ ಇಪ್ಪತ್ತರ ತರುಣಿಯರಾಗಿ ಬೀದಿಗಿಳಿದವರು ಇಂದು ಅರವತ್ತನ್ನು ದಾಟಿದ್ದಾರೆ. ಅವರಿಗಿಂತ ಹಿರಿಯರು ಒಬ್ಬೊಬ್ಬರಾಗಿ ಹೊರಟುಹೋಗುತ್ತಿದ್ದಾರೆ. ಒಬ್ಬಳು ಹೋದಳೆಂದರೆ ಅವಳೊಬ್ಬಳೇ ಹೋಗುವುದಿಲ್ಲ. ಹೆಸರಿಲ್ಲದೆ ಜೊತೆಗಿದ್ದ ಹತ್ತು ಜನರ ಗುರುತೂ ಅವಳೊಡನೆ ಹೋಗುತ್ತದೆ.

ಆದುದರಿಂದ ಗೋವೆಯ ಕನ್ನಡ ಸಂಘಗಳ ಮುಂದೆ ನಾವು ಇಡುವ ಬೇಡಿಕೆ ಸರಳವಾಗಿದೆ. ಮುಂದಿನ ಮಾರ್ಚಿಯಲ್ಲಿ ಮುಖ್ಯ ಅತಿಥಿಯ ಭಾಷಣವನ್ನು ಕೈಬಿಡಿರಿ. ಆ ಒಂದು ತಾಸನ್ನು, ಯಾರಿಗೆ ಶಾಲು ಹೊದಿಸುತ್ತೀರೋ ಅವರಿಗೇ ಕೊಡಿರಿ. ಪಕ್ಕದಲ್ಲಿ ಬರೆದುಕೊಳ್ಳುವ ಒಬ್ಬರನ್ನು ಕೂಡಿಸಿರಿ. ಬರೆದುದು ಈ ಪತ್ರಿಕೆಯ ಪ್ರತಿಯೊಂದು ಸಂಚಿಕೆಯಲ್ಲಿಯೂ ನಾಲ್ಕು ಪುಟವಾದರೂ ಅಚ್ಚಾಗಲಿ. ಕವಿತೆಗಳು ಒಂದೆರಡು ಕಡಿಮೆಯಾದರೆ ಕನ್ನಡ ಬಡವಾಗದು. ಬೈನಾದಲ್ಲಿ, ಜುವಾರಿನಗರದಲ್ಲಿ, ಮಾಪಸಾದಲ್ಲಿ, ಮಡಗಾಂವದಲ್ಲಿ ಕನ್ನಡ ಮಾತಾಡುವ ಹೆಂಗಸರ ಮನೆಗೆ, ಸಭೆಗೆ ಕರೆಯಲು ಅಲ್ಲ, ಕೇಳಲು ಹೋಗಿರಿ. ಶಾಲನ್ನು ಬೇಕಾದರೆ ಆಮೇಲೆ ಹೊದಿಸಬಹುದು.